ಗಾಯಗೊಂಡ ಹದ್ದಿಗೆ ಯಜಮಾನರು ಯಾರು?

ಆಷಾಢದ ಗಾಳಿ ಬೀಸತೊಡಗಿದರೆ ತುಮಕೂರಿನಲ್ಲಿ ಗಾಳಿಪಟಗಳು ಏಳುತ್ತವೆ. ಅದರ ಬೆನ್ನಿಗೇ ತೆಂಗಿನ ಗರಿಗೋ ಕರೆಂಟ್ ತಂತಿಗೋ ಸಿಕ್ಕಿಕೊಂಡು ಒದ್ದಾಡುವ ಹದ್ದುಗಳೂ ಕಾಣಿಸುತ್ತವೆ. ರೆಕ್ಕೆಗೆ ಗಾಳಿಪಟದ ಹರಿತವಾದ ಮಾಂಜಾ ದಾರ ಸುತ್ತಿರುತ್ತದೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದುದ್ದಕ್ಕೂ ನಿಷೇಧಿಸಿದೆ. ಕೇಳಿದವರಿಗೆ ಇನ್ನೂ ಸಿಗುತ್ತದೆ, ಆ ಮಾತು ಬೇರೆ.

ಯಾರೋ ಪುಣ್ಯಾತ್ಮರು ಹಕ್ಕಿಯನ್ನು ಇಳಿಸುತ್ತಾರೆ. ರಟ್ಟಿನ ಡಬ್ಬಿಯಲ್ಲಿ ಇಡುತ್ತಾರೆ. ಮೊಬೈಲಿನಲ್ಲಿ ಹುಡುಕಿ ಬೆಂಗಳೂರಿನ ಯಾವುದೋ ವನ್ಯಜೀವಿ ಪುನರ್ವಸತಿ ಕೇಂದ್ರಕ್ಕೆ ಫೋನ್ ಮಾಡುತ್ತಾರೆ. ಆ ಕಡೆಯಿಂದ ಸಾಲು ಸಾಲು ಪ್ರಶ್ನೆ. ಎಲ್ಲಿ ಸಿಕ್ಕಿತು? ಎಷ್ಟು ಹೊತ್ತಾಯಿತು? ನೀರು ಕುಡಿಸಿದಿರಾ? ಅರಣ್ಯ ಇಲಾಖೆಗೆ ತಿಳಿಸಿದಿರಾ? ಫೋನ್ ಮಾಡಿದವರಿಗೆ ಸಿಟ್ಟು ಬರುತ್ತದೆ. ಮೂರು ದಿನ ಬಿಟ್ಟು "ಹೇಗಿದೆ ನಮ್ಮ ಹದ್ದು?" ಎಂದು ನೋಡಲು ಹೋದರೆ ಒಳಗೆ ಬಿಡುವುದಿಲ್ಲ. ಇನ್ನೊಮ್ಮೆ ಕೇಳಿದರೆ "ದಯಾಮರಣ ಕೊಡಬೇಕಾಯಿತು" ಎನ್ನುತ್ತಾರೆ. ಇವರು ಎಂಥ ಪ್ರಾಣಿಪ್ರೇಮಿಗಳಪ್ಪಾ ಅಂತ ಅನ್ನಿಸದೇ ಇರುತ್ತಾ?

ಹೀಗೆ ನಡೆದುಕೊಳ್ಳುವುದಕ್ಕೆ ಕಾರಣಗಳಿವೆ. ಅವು ತಿಳಿಯಬೇಕಾದರೆ ಇಂಥ ಲಾಭರಹಿತ ಕೇಂದ್ರವನ್ನು ನಡೆಸುವವರು ಯಾರು, ಅವರ ಕೈಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ನೋಡಬೇಕು. ಮೊದಲೇ ಹೇಳಿಬಿಡುತ್ತೇನೆ: ಅವರ ಕೈಯಲ್ಲಿ ಇಲ್ಲದ್ದೇ ಜಾಸ್ತಿ.

ಪ್ರಾಣಿ ಸರ್ಕಾರದ್ದು

ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಅದರ 39ನೇ ಸೆಕ್ಷನ್ನಿನಲ್ಲಿ ಕಾಡುಪ್ರಾಣಿ ಸರ್ಕಾರದ ಆಸ್ತಿ ಎಂಬ ಮಾತಿದೆ. ಅಂಥ ಆಸ್ತಿ ಯಾರ ಕೈಗೆ ಹೇಗೇ ಬಂದರೂ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕಾರ ಇರುವ ಅಧಿಕಾರಿಗೋ ತಿಳಿಸಬೇಕು. ಕೇಳಿದರೆ ಒಪ್ಪಿಸಬೇಕು. ಇನ್ನೊಂದು ಅಂಶ ಬಹಳ ಜನಕ್ಕೆ ಗೊತ್ತಿಲ್ಲ. ಈ ಕಾಯ್ದೆಯಲ್ಲಿ 'ಬೇಟೆ' ಎಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಬೇಟೆಯೇ. ಒಳ್ಳೆಯ ಮನಸ್ಸಿನಿಂದ ಬಲೆ ಬೀಸಿದರೂ ಅನುಮತಿ ಇಲ್ಲದಿದ್ದರೆ ಕೇಸು ಬೀಳಬಹುದು. ಅದಕ್ಕೇ ಫೋನ್ ತೆಗೆದವರ ಪ್ರಶ್ನೆಗಳಲ್ಲಿ "ಇಲಾಖೆಗೆ ಹೇಳಿದಿರಾ" ಎಂಬುದು ತಪ್ಪದೆ ಇರುತ್ತದೆ.

ಇದರ ಮೇಲೆ ಮೃಗಾಲಯದ ಕಾನೂನು ಬೇರೆ. ಕೇಂದ್ರ ಮೃಗಾಲಯ ಪ್ರಾಧಿಕಾರ 1992ರಲ್ಲಿ ಹುಟ್ಟಿತು. ಅದರ ಮಾನ್ಯತೆ ಇಲ್ಲದೆ ಮೃಗಾಲಯ ನಡೆಸುವ ಹಾಗಿಲ್ಲ. ಕಾನೂನಿನ ಲೆಕ್ಕದಲ್ಲಿ ರಕ್ಷಣಾ ಕೇಂದ್ರವೂ ಮೃಗಾಲಯದ ವ್ಯಾಖ್ಯೆಯೊಳಗೇ ಬರುತ್ತದೆ, ಒಬ್ಬರಿಗೂ ಟಿಕೆಟ್ ಮಾರದಿದ್ದರೂ ಸರಿ. "ಗುಬ್ಬಿ ಹತ್ತಿರ ನಮ್ಮ ತೋಟ ಇದೆ, ನಾಲ್ಕು ಪಂಜರ ಕಟ್ಟಿಸಿ ಗಾಯಗೊಂಡ ಪ್ರಾಣಿ ನೋಡ್ಕೋತೀನಿ" ಎಂದು ಯಾರಾದರೂ ಹೊರಟರೆ, ಅವರ ಕರುಣೆ ಎಷ್ಟೇ ದೊಡ್ಡದಿರಲಿ, ಅದು ಕಾನೂನುಬಾಹಿರ.

ಪಕ್ಕದ ಮನೆಯವರು ಊರಿಗೆ ಹೋಗುವಾಗ ನಂಬಿ ಕೊಟ್ಟುಹೋದ ಒಡವೆ ಇದ್ದ ಹಾಗೆ ಈ ಪ್ರಾಣಿಗಳು. ಕಾಯಬೇಕು, ಲೆಕ್ಕ ಇಡಬೇಕು, ಕೇಳಿದಾಗ ಕೊಡಬೇಕು. ಹಾಕಿಕೊಂಡು ಮೆರೆಯುವ ಹಾಗಿಲ್ಲ.

ಆದ್ದರಿಂದ ಕೇಂದ್ರದ ಮುಖ್ಯಸ್ಥರ ದಿನದ ದೊಡ್ಡ ಪಾಲು ಕಾಗದದಲ್ಲಿ ಹೋಗುತ್ತದೆ. ಬಂದ ಪ್ರತಿ ಪ್ರಾಣಿಗೂ ರಿಜಿಸ್ಟರಿನಲ್ಲಿ ಒಂದು ನಂಬರ್. ಎಲ್ಲಿಂದ ಬಂತು, ಯಾರು ತಂದರು, ಏನಾಗಿತ್ತು, ಏನು ಔಷಧಿ, ಕೊನೆಗೆ ಏನಾಯಿತು. ಸತ್ತರೆ ಮರಣೋತ್ತರ ಪರೀಕ್ಷೆಯ ವರದಿ. ಒಂದು ನವಿಲು ಸತ್ತು ಅದರ ಗರಿಗಳ ಲೆಕ್ಕ ಸಿಗದಿದ್ದರೆ ಉತ್ತರ ಹೇಳಬೇಕಾದವರು ಈ ಮುಖ್ಯಸ್ಥರೇ.

ಸಂಸ್ಥೆಯೂ ಅವರದಲ್ಲ

ಪ್ರಾಣಿಯ ಕಥೆ ಹೀಗಾಯಿತು. ಸಂಸ್ಥೆಯಾದರೂ ಅವರ ಸ್ವಂತದ್ದಾ? ಅದೂ ಇಲ್ಲ.

ಕರ್ನಾಟಕದಲ್ಲಿ ಲಾಭರಹಿತ ಸಂಸ್ಥೆ ಕಟ್ಟಲು ಮೂರು ದಾರಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಟ್ರಸ್ಟ್ ಡೀಡ್ ನೋಂದಾಯಿಸುವುದು ಒಂದು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಕನಿಷ್ಠ ಏಳು ಜನ ಸೇರಿ ಸಂಘ ಮಾಡುವುದು ಇನ್ನೊಂದು. ಕಂಪನಿ ಕಾಯ್ದೆ 2013ರ 8ನೇ ಸೆಕ್ಷನ್ನಿನ ಕಂಪನಿ ಮೂರನೆಯದು. ಯಾವ ದಾರಿ ಹಿಡಿದರೂ ಉಳಿದ ಹಣವನ್ನು ಹಂಚಿಕೊಳ್ಳುವ ಹಾಗಿಲ್ಲ. ಮಾಲೀಕ ಎಂಬ ಕುರ್ಚಿಯೇ ಅಲ್ಲಿಲ್ಲ.

ಕುರ್ಚಿಗಳು ಬೇರೆ ಇವೆ. ಮೇಲೆ ಟ್ರಸ್ಟಿಗಳು. ಅವರ ಕೆಳಗೆ ದಿನನಿತ್ಯ ನಡೆಸುವ ನಿರ್ದೇಶಕರು. ಅವರ ಜೊತೆಗೆ ಪಶುವೈದ್ಯರು. ಆಮೇಲೆ ಪ್ರಾಣಿ ಪಾಲಕರು, ರಕ್ಷಣಾ ತಂಡ, ಸ್ವಯಂಸೇವಕರು. ಕಾಗದದ ಮೇಲೆ ಇದು ಸರಳ. ತೊಂದರೆ ಬರುವುದು ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಿದಾಗ.

ಟ್ರಸ್ಟಿಗಳ ಕೆಲಸ ಪ್ರಾಣಿ ಹಿಡಿಯುವುದಲ್ಲ. ಸಂಸ್ಥೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ತೀರ್ಮಾನಿಸುವುದು, ವರ್ಷದ ಬಜೆಟ್ ಒಪ್ಪುವುದು, ಆಡಿಟ್ ಮಾಡಿಸುವುದು, ನಿರ್ದೇಶಕರನ್ನು ನೇಮಿಸುವುದು, ಸರಿ ಇಲ್ಲದಿದ್ದರೆ ತೆಗೆಯುವುದು. ಇದಕ್ಕೆಲ್ಲ ವರ್ಷಕ್ಕೆ ನಾಲ್ಕಾರು ಸಭೆ ಸಾಕು. ನನ್ನ ಪ್ರಕಾರ ಅವರ ನಿಜವಾದ ಕೆಲಸ ಸಭೆಯ ಹೊರಗಿದೆ. ದೊಡ್ಡ ದೇಣಿಗೆ ಕೊಟ್ಟವರು "ನಮ್ಮ ಮಗಳ ಹುಟ್ಟುಹಬ್ಬಕ್ಕೆ ಚಿರತೆ ಮರಿಗೆ ಹಾಲು ಕುಡಿಸಬಹುದಾ?" ಎಂದು ಕೇಳುತ್ತಾರೆ. ಊರಿನ ಮುಖಂಡರು "ಒಂದು ಗಿಳಿ ಇದೆ, ಸುಮ್ನೆ ಇಟ್ಕೊಳ್ಳಿ, ಇಲಾಖೆಗೆಲ್ಲಾ ಹೇಳೋದು ಬೇಡ" ಎನ್ನುತ್ತಾರೆ. ಸಂಬಳ ತೆಗೆದುಕೊಳ್ಳುವ ನಿರ್ದೇಶಕರಿಗೆ ಇವರಿಗೆಲ್ಲ ಬೇಡ ಎನ್ನುವುದು ಕಷ್ಟ. ಆಗ ಮುಂದೆ ನಿಂತು ಬೇಡ ಎನ್ನುವ ಟ್ರಸ್ಟಿ ಇದ್ದರೆ ಕೇಂದ್ರ ಉಳಿಯುತ್ತದೆ. ಆ ದೇಣಿಗೆದಾರರನ್ನು ತಾನೇ ಕರೆದುಕೊಂಡು ಬರುವ ಟ್ರಸ್ಟಿ ಇದ್ದರೆ ನಿರ್ದೇಶಕರು ಬೇರೆ ಕೆಲಸ ನೋಡಿಕೊಳ್ಳುವುದೇ ವಾಸಿ.

ಪಶುವೈದ್ಯರ ಸ್ಥಾನ ಇನ್ನೂ ಸೂಕ್ಷ್ಮ. ಸಂಘಟನೆಯ ಲೆಕ್ಕದಲ್ಲಿ ಅವರು ನಿರ್ದೇಶಕರ ಕೆಳಗೆ. ಚಿಕಿತ್ಸೆಯ ವಿಷಯದಲ್ಲಿ ಮಾತ್ರ ಕೊನೆಯ ಮಾತು ಅವರದ್ದೇ ಆಗಿರಬೇಕು. ಹಸು ಎಮ್ಮೆ ನೋಡಿ ಅಭ್ಯಾಸವಿರುವ ವೈದ್ಯರಿಗೆ ಕಾಡುಪ್ರಾಣಿ ಬೇರೆಯೇ ಪ್ರಪಂಚ. ನೋವಿದ್ದರೂ ಅದು ತೋರಿಸಿಕೊಳ್ಳುವುದಿಲ್ಲ. ತೋರಿಸಿಕೊಂಡರೆ ಇನ್ನೊಂದು ಪ್ರಾಣಿಗೆ ಆಹಾರವಾಗುತ್ತದೆ. "ಸುಮ್ಮನೆ ಕೂತಿದೆ, ಪರವಾಗಿಲ್ಲ" ಎಂದು ನಾವು ಅಂದುಕೊಳ್ಳುವ ಹಕ್ಕಿ ಸಾಯುವ ಹಂತದಲ್ಲಿ ಇರಬಹುದು.

ಬಾರದ ಪ್ರಾಣಿಗಳೇ ದೊಡ್ಡ ಗೆಲುವು

ಒಂದು ಕೇಂದ್ರದ ಮುಖ್ಯಸ್ಥರು ಹೇಗಿದ್ದಾರೆ ಎಂದು ತಿಳಿಯಬೇಕಾದರೆ ಆಪರೇಷನ್ ಕೋಣೆ ನೋಡಬೇಡಿ. ಫೋನ್ ಯಾರು ತೆಗೆಯುತ್ತಾರೆ, ಏನು ಹೇಳುತ್ತಾರೆ ಕೇಳಿಸಿಕೊಳ್ಳಿ.

ಬೇಸಿಗೆಯಲ್ಲಿ ಬರುವ ಕರೆಗಳಲ್ಲಿ ಗೂಡಿನಿಂದ ಬಿದ್ದ ಮರಿಗಳದ್ದು ದೊಡ್ಡ ಪಾಲು. ಪುಕ್ಕ ಬಂದಿರುವ, ಕಣ್ಣು ಬಿಟ್ಟಿರುವ, ಕುಪ್ಪಳಿಸುವ ಮರಿಯಾದರೆ ಅದು ಬಿದ್ದಿದ್ದೇ ಅಲ್ಲ. ಹಾರಲು ಕಲಿಯುತ್ತಿದೆ. ತಾಯಿ ಹತ್ತಿರದಲ್ಲೇ ಇದೆ. ಎತ್ತಿಕೊಂಡು ಬಂದರೆ ಅದು ರಕ್ಷಣೆ ಆಗುವುದಿಲ್ಲ, ಅಪಹರಣವಾಗುತ್ತದೆ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಹಕ್ಕಿಗಳ ವಿಷಯದಲ್ಲಿ ಅದು ನಿಜವಲ್ಲ. ಗೂಡಿಗೆ ವಾಪಸ್ ಇಟ್ಟರೆ ತಾಯಿ ಬಂದು ತುತ್ತು ಕೊಡುತ್ತದೆ. ಫೋನಿನಲ್ಲಿ ಹತ್ತು ನಿಮಿಷ ತಾಳ್ಮೆಯಿಂದ ಮಾತನಾಡಿ "ಅಲ್ಲೇ ಪೊದೆಯೊಳಗೆ ಬಿಡಿ, ಬೆಕ್ಕು ನಾಯಿ ಬರದ ಹಾಗೆ ದೂರದಿಂದ ನೋಡ್ಕೊಳ್ಳಿ" ಎಂದು ಒಪ್ಪಿಸಿದರೆ ಒಂದು ಪಂಜರ ಉಳಿಯಿತು, ಒಂದು ಜೀವ ತನ್ನ ಜಾಗದಲ್ಲೇ ಉಳಿಯಿತು. ಇದಕ್ಕೆ ಫೋಟೋ ಇರುವುದಿಲ್ಲ. ವಾರ್ಷಿಕ ವರದಿಯಲ್ಲಿ 'ಉಳಿಸಿದ ಪ್ರಾಣಿಗಳ' ಸಂಖ್ಯೆ ಏರುವುದೂ ಇಲ್ಲ. ಸಂಖ್ಯೆ ಏರದಿದ್ದರೂ ಈ ಕೆಲಸಕ್ಕೆ ಒಳ್ಳೆಯ ಸಿಬ್ಬಂದಿಯನ್ನು ಕೂರಿಸುವುದು ಮುಖ್ಯಸ್ಥರ ತೀರ್ಮಾನ.

ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ, ದಾಳಿಂಬೆ ತೋಟಗಳಿಗೆ ಬಲೆ ಹಾಕುತ್ತಾರೆ. ಅದರಲ್ಲಿ ಕೇರೆ ಹಾವು, ಗೂಬೆ, ಬಾವಲಿ ಸಿಕ್ಕಿಕೊಳ್ಳುತ್ತವೆ. ಒದ್ದಾಡಿದಷ್ಟೂ ದಾರ ಒಳಗೆ ಇಳಿಯುತ್ತದೆ. ಒಂದೊಂದೇ ಹಾವನ್ನು ಬೆಂಗಳೂರಿಗೆ ಸಾಗಿಸುತ್ತಾ ಕೂರುವುದಾ, ಅಥವಾ ರೈತರ ಹತ್ತಿರ ಕೂತು ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟುವುದು, ನೆಲದ ಹತ್ತಿರ ಸುಮ್ಮನೆ ರಾಶಿ ಬೀಳದಂತೆ ನೋಡಿಕೊಳ್ಳುವುದು ಹೇಗೆಂದು ಮಾತನಾಡುವುದಾ? ಎರಡೂ ಬೇಕು. ಆದರೆ ಹಣ, ಜನ ಎರಡೂ ಕಡಿಮೆ ಇರುವಾಗ ಯಾವುದಕ್ಕೆ ಎಷ್ಟು ಎಂದು ಹಂಚುವುದೇ ಮುಂದಾಳುಗಳ ಕೆಲಸ.

ಕೆಲವೊಮ್ಮೆ ಹಿಡಿಯದಿರುವುದೇ ಚಿಕಿತ್ಸೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳ ಮೀಸಲು ಪ್ರದೇಶ ಇದೆ. ಸುತ್ತಲಿನ ಹೊಲಗಳಲ್ಲೂ ಅವು ಓಡಾಡುತ್ತವೆ. ಕೃಷ್ಣಮೃಗ, ಜಿಂಕೆಯಂಥ ಪ್ರಾಣಿಗಳನ್ನು ಅಟ್ಟಿಸಿಕೊಂಡು ಹೋಗಿ ಹಿಡಿದರೆ ಗಾಬರಿಗೆ ಮೈಯ ಸ್ನಾಯುಗಳು ಒಡೆಯತೊಡಗುತ್ತವೆ. ಆ ವಿಷ ರಕ್ತಕ್ಕೆ ಸೇರುತ್ತದೆ, ಕಿಡ್ನಿ ಸೋಲುತ್ತದೆ. ಹಿಡಿದ ದಿನ ಚೆನ್ನಾಗಿದ್ದ ಪ್ರಾಣಿ ಕೆಲವು ದಿನ ಬಿಟ್ಟು ಸಾಯಬಹುದು. ಸ್ವಲ್ಪ ಕುಂಟುತ್ತಿರುವ ಕೃಷ್ಣಮೃಗ ಮೇಯುತ್ತಿದೆ, ಹಿಂಡಿನ ಜೊತೆ ಇದೆ ಎಂದರೆ ಅನುಭವ ಇರುವವರು ಬಿಟ್ಟುಬಿಡಿ ಎನ್ನುತ್ತಾರೆ. ನೋಡಿದವರಿಗೆ ಅದು ಸೋಮಾರಿತನ ಅನ್ನಿಸುತ್ತದೆ.

ಚಿರತೆಯ ವಿಷಯದಲ್ಲಂತೂ ತೀರ್ಮಾನ ಪೂರ್ತಿ ಅರಣ್ಯ ಇಲಾಖೆಯದ್ದು. ತುಮಕೂರು ಜಿಲ್ಲೆಯಲ್ಲಿ ಚಿರತೆ ಬಾವಿಗೆ ಬಿತ್ತು, ಕುರಿ ಹಟ್ಟಿಗೆ ನುಗ್ಗಿತು ಎಂಬ ಸುದ್ದಿ ಅಪರೂಪವಲ್ಲ. ಜನ ಕೇಳುವುದು ಒಂದೇ: ಹಿಡಿದು ದೂರ ಬಿಡಿ. ಮಹಾರಾಷ್ಟ್ರದ ಜುನ್ನರ್‌ನಲ್ಲಿ ಹೀಗೆ ಹಿಡಿದು ಬೇರೆಡೆ ಬಿಟ್ಟ ಮೇಲೆ ಮನುಷ್ಯರ ಮೇಲಿನ ದಾಳಿ ಕಡಿಮೆಯಾಗುವ ಬದಲು ಹೆಚ್ಚಾಯಿತು ಎಂದು ವಿದ್ಯಾ ಆತ್ರೇಯ ಮತ್ತು ಸಂಗಡಿಗರ ಅಧ್ಯಯನ ತೋರಿಸಿದೆ. ಇಂಥ ವಿಷಯ ತಿಳಿದ ಸಂಸ್ಥೆಯ ಮುಖ್ಯಸ್ಥರು ಇಲಾಖೆಯ ಅಧಿಕಾರಿಗಳ ಜೊತೆ ಕೂತು ಹೇಳಬಹುದು. ಆಜ್ಞೆ ಮಾಡಲಾಗದು. ಉಪ ಅರಣ್ಯ ಸಂರಕ್ಷಣಾಧಿಕಾರಿ (ಡಿಸಿಎಫ್) ಬದಲಾದರೆ ಹೊಸಬರ ಹತ್ತಿರ ಹೋಗಿ ಮತ್ತೆ ಮೊದಲಿನಿಂದ ಪರಿಚಯ, ಮತ್ತೆ ಮೊದಲಿನಿಂದ ವಿಶ್ವಾಸ.

ಮೇಜಿನ ಮೇಲಿನ ತೀರ್ಮಾನ

ಈಗ ಕಷ್ಟದ ಮಾತಿಗೆ ಬರೋಣ.

ಮಾಂಜಾ ಕೊಯ್ದ ಹದ್ದಿನ ರೆಕ್ಕೆಯಲ್ಲಿ ಚರ್ಮ ಮಾತ್ರ ಹರಿದಿದ್ದರೆ ಹೊಲಿದು, ಕೆಲವು ವಾರ ಇಟ್ಟುಕೊಂಡು, ದೊಡ್ಡ ಪಂಜರದಲ್ಲಿ ಹಾರಾಟ ನೋಡಿ ಬಿಡಬಹುದು. ಕೀಲಿನ ಹತ್ತಿರವೇ ಮೂಳೆ ಮುರಿದಿದ್ದರೆ, ಸ್ನಾಯುರಜ್ಜು ತುಂಡಾಗಿದ್ದರೆ, ಅದು ಮತ್ತೆ ಸರಿಯಾಗಿ ಹಾರುವ ಸಾಧ್ಯತೆ ತೀರಾ ಕಡಿಮೆ. ಸರಿಯಾಗಿ ಹಾರದ ಹದ್ದನ್ನು ಹೊರಗೆ ಬಿಟ್ಟರೆ ಹಸಿವಿನಿಂದ ಸಾಯುತ್ತದೆ. ಹಾಗಾದರೆ ಪಂಜರದಲ್ಲೇ ಇಟ್ಟುಕೊಳ್ಳೋಣವಾ? ಹದ್ದು ಹತ್ತಾರು ವರ್ಷ ಬದುಕುತ್ತದೆ. ಮನುಷ್ಯರನ್ನು ಕಂಡಾಗಲೆಲ್ಲ ಬೆದರಿ ಜಾಲರಿಗೆ ಬಡಿದುಕೊಳ್ಳುವ ಹಕ್ಕಿಗೆ ಅದು ಬದುಕಾ? ಜೊತೆಗೆ, ಪ್ರತಿ ಶಾಶ್ವತ ನಿವಾಸಿಯೂ ಮುಂದೆ ಬರುವ ರೋಗಿಯ ಜಾಗ ಹಿಡಿಯುತ್ತದೆ.

ಮೂರನೇ ದಾರಿ ದಯಾಮರಣ. ನಮ್ಮ ಕಡೆ ಇದನ್ನು ಹೇಳಲೇ ನಾಲಿಗೆ ಏಳುವುದಿಲ್ಲ. ಅದರಲ್ಲೂ ಗರುಡ, ನಾಗರಹಾವು, ಕೋತಿಯಂಥ ಪೂಜೆ ಮಾಡುವ ಜೀವಗಳ ವಿಷಯದಲ್ಲಿ. ಕಾನೂನು ಇದಕ್ಕೆ ಜಾಗ ಕೊಟ್ಟಿದೆ. ಗುಣವಾಗದಷ್ಟು ಊನಗೊಂಡ ಅಥವಾ ರೋಗಕ್ಕೆ ತುತ್ತಾದ ಒಂದನೇ ಷೆಡ್ಯೂಲಿನ, ಅಂದರೆ ಕಾಯ್ದೆ ಅತಿ ಹೆಚ್ಚು ರಕ್ಷಣೆ ಕೊಡುವ ಪಟ್ಟಿಯ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣ ಬರೆದು ಅನುಮತಿ ಕೊಡಬಹುದು ಎಂದು 11ನೇ ಸೆಕ್ಷನ್ ಹೇಳುತ್ತದೆ. ಉಳಿದವಕ್ಕೆ ಅವರು ಅಧಿಕಾರ ಕೊಟ್ಟ ಅಧಿಕಾರಿಗಳೂ ಕೊಡಬಹುದು.

ಒಳ್ಳೆಯ ಮುಂದಾಳುಗಳು ಈ ತೀರ್ಮಾನವನ್ನು ಪ್ರಾಣಿ ಮೇಜಿನ ಮೇಲಿರುವಾಗ ಮಾಡುವುದಿಲ್ಲ. ಮೊದಲೇ ಮಾಡಿಟ್ಟಿರುತ್ತಾರೆ. ಯಾವ ಜಾತಿಗೆ ಯಾವ ಗಾಯವಾದರೆ ಏನು, ಯಾರಿಬ್ಬರು ಒಪ್ಪಬೇಕು, ಇಲಾಖೆಗೆ ಹೇಗೆ ತಿಳಿಸಬೇಕು, ತಂದವರಿಗೆ ಏನು ಹೇಳಬೇಕು, ಎಲ್ಲವನ್ನೂ ಬರೆದಿಟ್ಟಿರುತ್ತಾರೆ. ಬರೆದಿಡದಿದ್ದರೆ ಆ ಭಾರ ರಾತ್ರಿ ಡ್ಯೂಟಿಯಲ್ಲಿರುವ ಚಿಕ್ಕ ವಯಸ್ಸಿನ ವೈದ್ಯರ ತಲೆಯ ಮೇಲೆ ಬೀಳುತ್ತದೆ. ಹಾಗೆ ಒಂದು ವರ್ಷ ಹೊತ್ತವರು ಕೆಲಸ ಬಿಡುತ್ತಾರೆ. ಈ ಕ್ಷೇತ್ರದಲ್ಲಿ ಜನ ನಿಲ್ಲದಿರುವುದಕ್ಕೆ ಸಂಬಳ ಕಡಿಮೆ ಎಂಬುದು ಒಂದು ಕಾರಣ. ಇದು ಇನ್ನೊಂದು.

ನೋಡಲು ಬಿಡದಿರುವುದಕ್ಕೂ ಕಾರಣ ಹತ್ತಿರದ್ದೇ. ಮರಿಯಾಗಿ ಬಂದ ಹಕ್ಕಿಯೋ ಪ್ರಾಣಿಯೋ ಮನುಷ್ಯರನ್ನೇ ತನ್ನವರೆಂದು ತಿಳಿದುಬಿಡುತ್ತದೆ. ಹೊರಗೆ ಬಿಟ್ಟ ಮೇಲೆ ಮನುಷ್ಯರ ಹತ್ತಿರವೇ ಬರುತ್ತದೆ, ಎಲ್ಲರೂ ಕರುಣೆಯವರೇ ಆಗಿರುವುದಿಲ್ಲ. ಕೋತಿಮರಿಗೆ ಹೆಸರಿಟ್ಟು, ಬಟ್ಟೆ ತೊಡಿಸಿ, ವಿಡಿಯೋ ಹಾಕುವ ಕೇಂದ್ರವನ್ನು ಕಂಡರೆ ನನಗೆ ಅದರ ಮುಖ್ಯಸ್ಥರ ಮೇಲೆ ಅನುಮಾನ. ರೋಗದ ಪ್ರಶ್ನೆಯೂ ಇದೆ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಅಂಥ ಸಮಯದಲ್ಲಿ ಹೊಸ ಹಕ್ಕಿಗಳನ್ನು ಪ್ರತ್ಯೇಕ ಇಡಬೇಕು, ಬೇಕಾದರೆ ಸೇರಿಸಿಕೊಳ್ಳುವುದನ್ನೇ ನಿಲ್ಲಿಸಬೇಕು. ಸಿಬ್ಬಂದಿಗೆ ರೇಬೀಸ್ ಲಸಿಕೆ ಮುಂಚೆಯೇ ಹಾಕಿಸಿರಬೇಕು. ಇದನ್ನೆಲ್ಲ ಮಾಡಿದರೆ ಯಾರೂ ಹೊಗಳುವುದಿಲ್ಲ. ಮಾಡದೆ ಒಬ್ಬ ಪಾಲಕನಿಗೆ ಏನಾದರೂ ಆದರೆ ಆ ಮನೆಗೆ ಹೋಗಿ ನಿಲ್ಲಬೇಕಾದವರೂ ಇದೇ ಮುಖ್ಯಸ್ಥರು.

ಮಾಲೂರಿನ ಆನೆ, ಬನ್ನೇರುಘಟ್ಟದ ಕರಡಿ

ಇಲ್ಲಿಯವರೆಗೆ ಹೇಳಿದ್ದು ಬಂದು, ವಾಸಿಯಾಗಿ, ಹೋಗುವ ಪ್ರಾಣಿಗಳ ಲೆಕ್ಕ. ಹೋಗಲು ಆಗದವುಗಳ ಲೆಕ್ಕವೇ ಬೇರೆ.

ಕೋಲಾರ ಜಿಲ್ಲೆಯ ಮಾಲೂರಿನಲ್ಲಿ ಆನೆಗಳ ಆರೈಕೆ ಕೇಂದ್ರ ಒಂದಿದೆ. ವೈಲ್ಡ್‌ಲೈಫ್ ರೆಸ್ಕ್ಯೂ ಅಂಡ್ ರಿಹ್ಯಾಬಿಲಿಟೇಶನ್ ಸೆಂಟರ್ ಎಂಬ ಟ್ರಸ್ಟ್ ಅದನ್ನು ನಡೆಸುತ್ತದೆ. ಮನುಷ್ಯರ ಕೈಯಲ್ಲಿ ಸರಪಳಿ ಕಟ್ಟಿಸಿಕೊಂಡು ಬದುಕಿದ ಆನೆಗಳಿಗೆ ಅದು ಜಾಗ. ಈ ಟ್ರಸ್ಟಿನ ಸ್ಥಾಪಕರಲ್ಲಿ ಒಬ್ಬರಾದ ಸುಪರ್ಣಾ ಗಂಗೂಲಿ ಬೆಂಗಳೂರಿನ ಕ್ಯೂಪಾ ಎಂಬ ಪ್ರಾಣಿ ಕಲ್ಯಾಣ ಸಂಸ್ಥೆಯ ಕೆಲಸದಿಂದ ಬಂದವರು. 2016ರಲ್ಲಿ ನಾರಿ ಶಕ್ತಿ ಪುರಸ್ಕಾರ ಪಡೆದವರು. ಇಂಥವರು ಒಂದು ಆನೆಯನ್ನು ಒಪ್ಪಿಕೊಳ್ಳುವಾಗ ಏನನ್ನು ಒಪ್ಪಿಕೊಳ್ಳುತ್ತಿದ್ದಾರೆ ಎಂದು ನೋಡಿ. ದೊಡ್ಡ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಆನೆ 60 ವರ್ಷ, ಅದಕ್ಕೂ ಮೇಲೆ ಬದುಕಬಹುದು. 40 ವರ್ಷದ ಆನೆ ಬಂದಿತೆಂದರೆ ಇನ್ನು 20 ವರ್ಷದ ಮೇವು, ಮಾವುತರ ಸಂಬಳ, ಕಾಲಿನ ಹುಣ್ಣಿನ ಔಷಧಿ, ಎಲ್ಲಕ್ಕೂ ಈಗಲೇ ಸಹಿ ಹಾಕಿದ ಹಾಗೆ. ಕೋಲಾರದ ಬರದ ವರ್ಷಗಳಲ್ಲಿ ಮೇವಿನ ಬೆಲೆ ಎಲ್ಲಿಗೆ ಹೋಗುತ್ತದೆ ಎಂದು ಅಲ್ಲಿನ ಹೈನುಗಾರರನ್ನು ಕೇಳಿದರೆ ಗೊತ್ತಾಗುತ್ತದೆ. ಇಂಥ ಕಡೆ ಮುಂದಾಳುಗಳ ಮುಖ್ಯ ಗುಣ ಸಾಹಸವಲ್ಲ. "ಈ ಆನೆಗೂ ಜಾಗ ಕೊಡಿ" ಎಂದು ಬಂದಾಗ, ಬ್ಯಾಂಕ್ ಪಾಸ್‌ಬುಕ್ ನೋಡಿ, ಈಗಿರುವ ಆನೆಗಳನ್ನು ನೋಡಿ, ಆಗುವುದಿಲ್ಲ ಎಂದು ಹೇಳಬಲ್ಲ ಗಟ್ಟಿತನ.

ಕರಡಿಯ ಕಥೆ ಇನ್ನೊಂದು ಪಾಠ ಕೊಡುತ್ತದೆ. ನಮ್ಮ ಊರುಗಳಲ್ಲಿ ಕರಡಿ ಆಡಿಸುವವರು ಬರುತ್ತಿದ್ದುದು ನಡುವಯಸ್ಸಿನವರಿಗೆಲ್ಲ ನೆನಪಿರುತ್ತದೆ. ತಾಯಿಯನ್ನು ಕೊಂದು ಮರಿ ಹಿಡಿದು, ಮೂತಿ ಚುಚ್ಚಿ ಹಗ್ಗ ಹಾಕಿ, ಹಲ್ಲು ಮುರಿದು ಅವನ್ನು ಕುಣಿಸುತ್ತಿದ್ದರು. ಕಾರ್ತಿಕ್ ಸತ್ಯನಾರಾಯಣ್ ಮತ್ತು ಗೀತಾ ಶೇಷಮಣಿ 1995ರಲ್ಲಿ ವೈಲ್ಡ್‌ಲೈಫ್ ಎಸ್ಒಎಸ್ ಶುರು ಮಾಡಿದರು. ಕರ್ನಾಟಕ ಅರಣ್ಯ ಇಲಾಖೆಯ ಜೊತೆ ಸೇರಿ 2005ರಿಂದ ಬನ್ನೇರುಘಟ್ಟದಲ್ಲಿ ಕರಡಿಗಳ ಕೇಂದ್ರ ನಡೆಯುತ್ತಿದೆ. ದೇಶದ ಕೊನೆಯ ಕುಣಿಯುವ ಕರಡಿ ಎನ್ನಲಾದ ರಾಜು 2009ರಲ್ಲಿ ಬಂದದ್ದೂ ಅಲ್ಲಿಗೇ. ಹಲ್ಲಿಲ್ಲದ, ಕಾಡು ಗೊತ್ತಿಲ್ಲದ ಈ ಕರಡಿಗಳನ್ನು ದೇವರಾಯನದುರ್ಗದ ಕಾಡಿಗೆ ಬಿಟ್ಟರೆ ಒಂದು ವಾರವೂ ಬದುಕಲಾರವು. ಬದುಕಿರುವ ತನಕ ಕೇಂದ್ರವೇ ಅವುಗಳ ಮನೆ.

ಕಾರ್ತಿಕ್ ಮತ್ತು ಗೀತಾ ಅವರ ತೀರ್ಮಾನಗಳಲ್ಲಿ ನನಗೆ ದೊಡ್ಡದಾಗಿ ಕಾಣುವುದು ಕರಡಿ ಹಿಡಿದದ್ದಲ್ಲ. ಕರಡಿ ಆಡಿಸುತ್ತಿದ್ದ ಕಲಂದರ್ ಕುಟುಂಬಗಳಿಗೆ ಬೇರೆ ದುಡಿಮೆಗೆ ದಾರಿ ಮಾಡಿ, ಮಕ್ಕಳನ್ನು ಶಾಲೆಗೆ ಕಳಿಸಲು ಹಣ ಇಟ್ಟದ್ದು. ಪ್ರಾಣಿಗಾಗಿ ಬಂದ ದೇಣಿಗೆಯನ್ನು ಮನುಷ್ಯರಿಗೆ ಯಾಕೆ ಖರ್ಚು ಮಾಡುತ್ತೀರಿ ಎಂದು ಕೇಳುವವರು ಯಾವಾಗಲೂ ಇರುತ್ತಾರೆ. ಆ ಹಣ ಇಡದಿದ್ದರೆ ಒಂದು ಕರಡಿ ಕೊಟ್ಟವರು ಇನ್ನೊಂದು ಮರಿ ತರುತ್ತಿದ್ದರು, ಅಷ್ಟೇ.

ದುಡ್ಡು ಎಲ್ಲಿಂದ

ಇಂಥ ಕೇಂದ್ರಕ್ಕೆ ಕಾಡುಪ್ರಾಣಿ ತಂದವರಿಂದ ಫೀಸು ತೆಗೆದುಕೊಳ್ಳಲು ಆಗುವುದಿಲ್ಲ. ಬರುವುದೆಲ್ಲ ದೇಣಿಗೆ. 80ಜಿ ನೋಂದಣಿ ಇದ್ದರೆ ಕೊಟ್ಟವರಿಗೆ ಸಾಮಾನ್ಯವಾಗಿ ಅರ್ಧ ಮೊತ್ತಕ್ಕೆ ತೆರಿಗೆ ವಿನಾಯಿತಿ ಸಿಗುತ್ತದೆ, ಹಳೇ ತೆರಿಗೆ ಪದ್ಧತಿಯಲ್ಲಿರುವವರಿಗೆ. ಹೊರದೇಶದ ಹಣಕ್ಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಬೇಕು. 2020ರ ತಿದ್ದುಪಡಿಯ ಮೇಲೆ ಆ ಹಣ ಮೊದಲು ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಗೇ ಬರಬೇಕು, ಆಡಳಿತ ಖರ್ಚು 20 ಶೇಕಡಾ ಮೀರುವ ಹಾಗಿಲ್ಲ.

ಇನ್ನು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ (ಸಿಎಸ್‌ಆರ್). ವರ್ಷಕ್ಕೆ 5 ಕೋಟಿಗಿಂತ ಹೆಚ್ಚು ಲಾಭ ಇರುವ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ 2 ಶೇಕಡಾ ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಪ್ರಾಣಿ ಕಲ್ಯಾಣವೂ ಆ ಪಟ್ಟಿಯಲ್ಲಿದೆ. ವಸಂತನರಸಾಪುರ, ನರಸಾಪುರ, ವೇಮಗಲ್ ಕಡೆ ಕೈಗಾರಿಕೆಗಳಿಗೆ ಕೊರತೆ ಇಲ್ಲ. ಆದರೆ ಕಂಪನಿಗಳಿಗೆ ಇಷ್ಟವಾಗುವುದು ತಮ್ಮ ಹೆಸರು ಬರೆಸಬಹುದಾದ ಆಂಬುಲೆನ್ಸ್, ಎಕ್ಸ್‌ರೇ ಯಂತ್ರ. ಆ ಆಂಬುಲೆನ್ಸಿನ ಡ್ರೈವರಿಗೆ ಸಂಬಳ ಕೊಡಿ ಎಂದರೆ ಮುಖ ಬೇರೆ ಕಡೆ ತಿರುಗುತ್ತದೆ. ಕೇಂದ್ರಗಳು ಮುಳುಗುವುದು ಹೀಗೇ. ಯಂತ್ರ ಇರುತ್ತದೆ, ನಡೆಸುವವರಿಗೆ ತಿಂಗಳ ಕೊನೆಗೆ ದುಡ್ಡಿರುವುದಿಲ್ಲ.

ಮುದ್ದಾದ ಪ್ರಾಣಿಗೆ ಹಣ ಬರುತ್ತದೆ, ಮುದ್ದಿಲ್ಲದವಕ್ಕೆ ಬರುವುದಿಲ್ಲ ಎಂಬುದು ಇನ್ನೊಂದು ಪೇಚು. ಮುಳಬಾಗಿಲು ತಾಲ್ಲೂಕಿನ ಹನುಮನಹಳ್ಳಿಯ ಗುಹೆಯಲ್ಲಿ ಕೋಲಾರ ಲೀಫ್-ನೋಸ್ಡ್ ಬ್ಯಾಟ್ ಎಂಬ ಒಂದು ಜಾತಿಯ ಬಾವಲಿ ಇದೆ. 1994ರಲ್ಲಿ ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟರು. ಪ್ರಪಂಚದಲ್ಲಿ ಇನ್ನೆಲ್ಲೂ ಅದು ಇರುವುದು ಈಗ ಗೊತ್ತಿಲ್ಲ. ಉಳಿದಿರುವುದು ಇನ್ನೂರಕ್ಕೂ ಕಡಿಮೆ ಎಂದು ಅಂದಾಜು. ಬ್ಯಾಟ್ ಕನ್ಸರ್ವೇಶನ್ ಇಂಡಿಯಾ ಟ್ರಸ್ಟಿನ ರಾಜೇಶ್ ಪುಟ್ಟಸ್ವಾಮಯ್ಯ ಅದರ ಬೆನ್ನು ಬಿದ್ದಿದ್ದಾರೆ. ಕೋಲಾರದ ಹೆಸರನ್ನೇ ಹೊತ್ತ ಈ ಜೀವದ ಬಗ್ಗೆ ಕೋಲಾರದಲ್ಲೇ ಎಷ್ಟು ಜನಕ್ಕೆ ಗೊತ್ತು? ಇಂಥ ಜಾತಿಗೆ ಆಸ್ಪತ್ರೆ ಉಪಯೋಗವಿಲ್ಲ. ಗುಹೆ ಉಳಿದರೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಒಂದು ಆನೆಯ ಫೋಟೋ ತರುವ ಹಣದಲ್ಲಿ ಸ್ವಲ್ಪವನ್ನಾದರೂ ಹಾವು, ಬಾವಲಿ, ಕಾಡುಪಾಪಗಳ ಕಡೆ ತಿರುಗಿಸುವ ಧೈರ್ಯ ಟ್ರಸ್ಟಿಗಳಿಗೆ ಇರಬೇಕು.

ಇವರಾದ ಮೇಲೆ?

ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ, ನಮ್ಮ ಈ ಮೂರು ಜಿಲ್ಲಾ ಕೇಂದ್ರಗಳಿಂದ ಬೆಂಗಳೂರು 60–70 ಕಿಲೋಮೀಟರ್. ಕೆಂಗೇರಿಯಲ್ಲಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ 1996ರಿಂದ ಇದೆ. ಪ್ರತಿ ತಾಲ್ಲೂಕಿಗೂ ಒಂದು ಕೇಂದ್ರ ಬೇಕು ಎಂದು ನನಗೇನೂ ಅನ್ನಿಸುವುದಿಲ್ಲ. ಸರಿಯಾಗಿ ಹಿಡಿದು, ಸರಿಯಾದ ಡಬ್ಬಿಯಲ್ಲಿ, ಇಲಾಖೆಗೆ ತಿಳಿಸಿ ಅಲ್ಲಿಗೆ ತಲುಪಿಸುವ ಜನ ತುಮಕೂರಿನಲ್ಲೂ ಚಿಂತಾಮಣಿಯಲ್ಲೂ ಇದ್ದರೆ ಅರ್ಧ ಕೆಲಸ ಆಯಿತು. ಇಲಾಖೆಯ ಸಹಾಯವಾಣಿ 1926.

ಆದರೂ ಯಾರಾದರೂ ಇಂಥ ಕೇಂದ್ರಕ್ಕೆ ದುಡ್ಡು ಕೊಡಲೋ ದುಡಿಯಲೋ ಹೊರಟಿದ್ದರೆ ಕೇಳಬೇಕಾದ ಒಂದೆರಡು ಪ್ರಶ್ನೆ ಇವೆ. ಕಳೆದ ವರ್ಷ ಎಷ್ಟು ಪ್ರಾಣಿ ಬಂದವು ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಕಾಡಿಗೆ ಮರಳಿದವು, ಎಷ್ಟು ಸತ್ತವು ಎಂದು ಕೇಳಿ. ಸತ್ತ ಲೆಕ್ಕವನ್ನು ತಡವರಿಸದೆ ಹೇಳಿದರೆ ನಂಬಬಹುದು, ಏಕೆಂದರೆ ತೀರಾ ಕೆಟ್ಟು ಬರುವ ರೋಗಿಗಳಲ್ಲಿ ದೊಡ್ಡ ಪಾಲು ಎಲ್ಲಿಯೂ ಉಳಿಯುವುದಿಲ್ಲ. ಎಲ್ಲವೂ ಉಳಿದವು ಎನ್ನುವವರ ಹತ್ತಿರ ರಿಜಿಸ್ಟರ್ ತೋರಿಸಿ ಎನ್ನಿ.

ಆಮೇಲೆ ಸ್ಥಾಪಕರ ಬಗ್ಗೆ ಕೇಳಿ. ಇಂಥ ಸಂಸ್ಥೆಗಳೆಲ್ಲ ಯಾರೋ ಒಬ್ಬಿಬ್ಬರ ಹಟದಿಂದ ಹುಟ್ಟುತ್ತವೆ. ಆ ಹಟವೇ ಮುಂದೆ ಅಡ್ಡಿಯೂ ಆಗುತ್ತದೆ. ಎಲ್ಲಾ ಚೆಕ್ಕಿಗೂ ಅವರದೇ ಸಹಿ, ಇಲಾಖೆಯಲ್ಲಿ ಅವರದೇ ಪರಿಚಯ, ದೇಣಿಗೆದಾರರ ನಂಬರೆಲ್ಲ ಅವರದೇ ಮೊಬೈಲಿನಲ್ಲಿ. ಅವರು ಹಾಸಿಗೆ ಹಿಡಿದರೆ ಆನೆಗೆ ಮೇವು ತರಿಸುವವರು ಯಾರು? ಚೆನ್ನೈ ಹತ್ತಿರ ರೋಮುಲಸ್ ವಿಟೇಕರ್ ಮತ್ತು ಸಂಗಡಿಗರು 1976ರಲ್ಲಿ ಶುರು ಮಾಡಿದ ಮೊಸಳೆ ಬ್ಯಾಂಕ್ ಇವತ್ತಿಗೂ ನಡೆಯುತ್ತಿದೆ, ಬೇರೆ ಬೇರೆ ನಿರ್ದೇಶಕರ ಕೈ ದಾಟಿ. ಅಸ್ಸಾಮಿನ ಕಾಜಿರಂಗದ ಬಳಿಯ ಪುನರ್ವಸತಿ ಕೇಂದ್ರವನ್ನು ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ 2002ರಲ್ಲಿ ತೆರೆದಾಗಲೇ ಅರಣ್ಯ ಇಲಾಖೆಯನ್ನು ಜೊತೆಗಿಟ್ಟುಕೊಂಡಿತು. ಒಬ್ಬರ ಮೇಲೆ ನಿಲ್ಲದಂತೆ ಕಟ್ಟಲು ಸಾಧ್ಯ ಎಂಬುದಕ್ಕೆ ಇವು ಸಾಕ್ಷಿ.

ಸರಿಯಾಗಿ ಬರೆದ ಟ್ರಸ್ಟ್ ಡೀಡಿನ ಕೊನೆಯಲ್ಲಿ ವಿಸರ್ಜನೆಯ ಷರತ್ತು ಇರುತ್ತದೆ. ಟ್ರಸ್ಟ್ ನಿಂತುಹೋದರೆ ಉಳಿದ ಆಸ್ತಿ ಇದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗಬೇಕು, ಟ್ರಸ್ಟಿಗಳ ಮನೆಗೆ ಹೋಗಕೂಡದು ಎಂದು ಅದರಲ್ಲಿ ಬರೆದಿರುತ್ತದೆ. ಬೇಸರದ ಪುಟ, ಯಾರೂ ಓದುವುದಿಲ್ಲ. ಚೆಕ್ ಬರೆಯುವ ಮೊದಲು ಆ ಪುಟದ ಒಂದು ಜೆರಾಕ್ಸ್ ಕೇಳಿ ತೆಗೆದುಕೊಳ್ಳಿ.